ಟೇಪ್‌ಸ್ಟೇಷನ್ 4200: ಕಾದಿಟ್ಟ ಮಾದರಿಯ ಗುಣಮಟ್ಟಕ್ಕೆ ಇದರ ಅಂಕ ಎಷ್ಟರಮಟ್ಟಿಗೆ ಸಾಕ್ಷಿ?

ವೈದ್ಯಕೀಯ ಸಂಶೋಧನೆಗಾಗಿ ರಕ್ತ, ಅಂಗಾಂಶ, ಡಿಎನ್‌ಎ ಮತ್ತು ಆರ್‌ಎನ್‌ಎ ಮಾದರಿಗಳನ್ನು ವರ್ಷಗಟ್ಟಲೆ ಕಾಪಿಡುವ ಬಯೋಬ್ಯಾಂಕ್‌ಗಳಲ್ಲಿ, ಒಳಗಿರುವುದು ಕೆಟ್ಟಿದೆಯೋ ಉಳಿದಿದೆಯೋ ಎಂದು ತಿಳಿಯಲು ಬಳಸುವ ಯಂತ್ರಗಳ ಪೈಕಿ ಅಜಿಲೆಂಟ್ ಕಂಪನಿಯ ಟೇಪ್‌ಸ್ಟೇಷನ್ 4200 ಈಗ ಬಹಳ ಕಡೆ ಕಾಣಸಿಗುತ್ತದೆ. ನಾನು ಕೆಲಸ ಮಾಡುವ ವೈದ್ಯಕೀಯ ಕಾಲೇಜಿನ ಸಂಗ್ರಹಾಗಾರದಲ್ಲಿಯೂ ಅದು ನಿತ್ಯ ಬಳಕೆಯಲ್ಲಿದೆ. ಯಂತ್ರವಾಗಿ ಅದು ಚೆನ್ನಾಗಿದೆ, ಕೆಲಸ ಹಗುರ ಮಾಡುತ್ತದೆ, ಕೊಳ್ಳುವಷ್ಟು ಕೆಲಸವಿರುವವರು ಧಾರಾಳವಾಗಿ ಕೊಳ್ಳಬಹುದು. ನನ್ನ ತಕರಾರು ಇರುವುದು ಯಂತ್ರದ ಬಗ್ಗೆ ಅಲ್ಲ; ಅದು ಕೊಡುವ ಒಂದೇ ಒಂದು ಅಂಕವನ್ನು ಇಡೀ ಮಾದರಿಯ ಯೋಗ್ಯತಾಪತ್ರವೆಂಬಂತೆ ವರದಿಗೆ ಲಗತ್ತಿಸಿ ಕೈತೊಳೆದುಕೊಳ್ಳುವ ರೂಢಿಯ ಬಗ್ಗೆ. ಆದ್ದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗ ಯಂತ್ರ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದೇ ಇಲ್ಲ ಎಂಬ ವಿಚಾರಕ್ಕೇ ಮೀಸಲು.

ಮೂಲದಲ್ಲಿ ಇದು ಎಲೆಕ್ಟ್ರೋಫೋರೆಸಿಸ್ ಯಂತ್ರ. ಬಿಎಸ್ಸಿ ಪ್ರಯೋಗಾಲಯದಲ್ಲಿ ಅಗರೋಸ್ ಜೆಲ್ ಎರಕ ಹೊಯ್ದು, ಬಾವಿಗಳಲ್ಲಿ ಡಿಎನ್‌ಎ ತುಂಬಿ, ವಿದ್ಯುತ್ ಹಾಯಿಸಿ, ಅತಿನೇರಳೆ ಬೆಳಕಿನಲ್ಲಿ ಪಟ್ಟಿಗಳನ್ನು ನೋಡಿದವರಿಗೆ ಇದರ ತತ್ತ್ವ ಹೊಸದಲ್ಲ. ಚಿಕ್ಕ ತುಣುಕುಗಳು ಬೇಗ ಓಡುತ್ತವೆ, ಉದ್ದನೆಯ ಅಣುಗಳು ಹಿಂದೆ ಉಳಿಯುತ್ತವೆ. ಅದೇ ಜೆಲ್ ಇಲ್ಲಿ ಸ್ಕ್ರೀನ್‌ಟೇಪ್ ಎಂಬ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯೊಳಗೆ ಸಿದ್ಧವಾಗಿ ಬರುತ್ತದೆ. ಒಂದು ಪಟ್ಟಿಯಲ್ಲಿ 16 ಓಣಿಗಳಿರುತ್ತವೆ. ಯಂತ್ರವೇ ಟಿಪ್ ಹಾಕಿಕೊಂಡು, ಮಾದರಿಯನ್ನು ಹೀರಿ, ಓಣಿಗೆ ತುಂಬಿ, ಓಡಿಸಿ, ಚಿತ್ರ ತೆಗೆದು, ಕಂಪ್ಯೂಟರಿನ ಪರದೆಯ ಮೇಲೆ ರೇಖಾಚಿತ್ರವನ್ನೂ ಅಂಕವನ್ನೂ ಕೊಡುತ್ತದೆ. 96 ಬಾವಿಗಳ ಪ್ಲೇಟನ್ನು ಇಟ್ಟು ಹೋದರೆ ಒಂದೊಂದು ಮಾದರಿಗೆ ಒಂದೆರಡು ನಿಮಿಷದ ಲೆಕ್ಕದಲ್ಲಿ ತಾನಾಗಿಯೇ ಮುಗಿಸುತ್ತದೆ.

ಈ ಅಂಕಗಳ ಹಿಂದೆ ಒಂದಿಷ್ಟು ಚರಿತ್ರೆಯಿದೆ. ಅಜಿಲೆಂಟ್ 1999ರಲ್ಲಿ 2100 ಬಯೋಅನಲೈಸರ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಚಿಪ್‌ಗಳಲ್ಲಿ ಓಡಿಸಿದ ಆರ್‌ಎನ್‌ಎಯ ರೇಖಾಚಿತ್ರವನ್ನು ನೋಡಿ ಒಬ್ಬೊಬ್ಬರು ಒಂದೊಂದು ರೀತಿ ತೀರ್ಪು ಕೊಡುವುದನ್ನು ತಪ್ಪಿಸಲು, 1ರಿಂದ 10ರವರೆಗಿನ ಆರ್‌ಐಎನ್ ಎಂಬ ಅಂಕವನ್ನು ರೂಪಿಸಲಾಯಿತು. ಅದರ ವಿವರ 2006ರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಹತ್ತು ಎಂದರೆ ಅಣುಗಳು ಇಡಿಯಾಗಿವೆ, ಒಂದು ಎಂದರೆ ಪುಡಿಪುಡಿಯಾಗಿವೆ. ಸ್ಕ್ರೀನ್‌ಟೇಪ್ ತಂತ್ರವಾದರೋ ಸ್ಕಾಟ್ಲೆಂಡಿನ ಲ್ಯಾಬ್901 ಎಂಬ ಸಣ್ಣ ಕಂಪನಿಯದು. 2011ರಲ್ಲಿ ಅಜಿಲೆಂಟ್ ಅದನ್ನು ಕೊಂಡುಕೊಂಡಿತು. ಟೇಪ್‌ಸ್ಟೇಷನ್‌ನಲ್ಲಿ ಆರ್‌ಎನ್‌ಎಗೆ ಸಿಗುವ ಅಂಕವನ್ನು ಆರ್‌ಐಎನ್‌ಗೆ ಸರಿಸಮಾನವಾದದ್ದು ಎಂಬ ಅರ್ಥದಲ್ಲಿ ಆರ್‌ಐಎನ್-ಇ ಎಂದೂ, ಜೀನೋಮಿಕ್ ಡಿಎನ್‌ಎಗೆ ಸಿಗುವ ಅಂಕವನ್ನು ಡಿಐಎನ್ ಎಂದೂ ಕರೆಯುತ್ತಾರೆ. ಡಿಐಎನ್ ಕೂಡ 1ರಿಂದ 10ರ ಅಳತೆಯಲ್ಲಿಯೇ ಇದೆ.

ಬಳಕೆಯ ಬಗ್ಗೆ ಹೇಳುವುದಾದರೆ, ಕಲಿಯುವುದಕ್ಕೆ ಒಂದು ಮಧ್ಯಾಹ್ನ ಸಾಕು. ಆದರೆ ಕೈ ಪಳಗುವವರೆಗೆ ಫಲಿತಾಂಶ ಪಳಗುವುದಿಲ್ಲ. ಜೀನೋಮಿಕ್ ಡಿಎನ್‌ಎಗೆ 10 ಮೈಕ್ರೋಲೀಟರ್ ಬಫರ್, 1 ಮೈಕ್ರೋಲೀಟರ್ ಮಾದರಿ. ಆರ್‌ಎನ್‌ಎಗೆ 5 ಮೈಕ್ರೋಲೀಟರ್ ಬಫರ್, 1 ಮೈಕ್ರೋಲೀಟರ್ ಮಾದರಿ. ಆರ್‌ಎನ್‌ಎಯನ್ನು ಮಾತ್ರ ಬೆರೆಸಿ ಕುಲುಕಿದ ಮೇಲೆ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ ಕಾಯಿಸಿ, 2 ನಿಮಿಷ ಐಸ್ ಮೇಲೆ ಇಡಬೇಕು. ಕಿಟ್ಟನ್ನು ಫ್ರಿಜ್ಜಿನಿಂದ ಹೊರತೆಗೆದು ಅರ್ಧ ಗಂಟೆ ಬಿಡಬೇಕೆಂಬ ಸೂಚನೆಯನ್ನು ಅವಸರದಲ್ಲಿ ಮೀರುವವರೇ ಹೆಚ್ಚು. ತಣ್ಣಗಿರುವ ಬಫರ್ ಗಟ್ಟಿಯಾಗಿರುತ್ತದೆ, ಪಿಪೆಟ್ಟಿನ ತುದಿಗೆ ಅಂಟಿಕೊಳ್ಳುತ್ತದೆ, ಅಳತೆ ತಪ್ಪುತ್ತದೆ. 1 ಮೈಕ್ರೋಲೀಟರ್ ಎಂದರೆ ಟಿಪ್ಪಿನ ತುದಿಯಲ್ಲಿ ಕಂಡೂ ಕಾಣದಷ್ಟು ದ್ರವ. ರಕ್ತದಿಂದ ತೆಗೆದ ಉದ್ದನೆಯ ಡಿಎನ್‌ಎ ಅಂಟಂಟಾಗಿರುವುದರಿಂದ, ಟಿಪ್ಪನ್ನು ಮೇಲೆತ್ತಿದಾಗ ಸಣ್ಣ ಎಳೆಯೊಂದು ಹಿಂದೆಯೇ ಬರುತ್ತದೆ. ಅದನ್ನು ಟ್ಯೂಬಿನ ಗೋಡೆಗೆ ಒರೆಸಿ ಬಿಡದಿದ್ದರೆ 1 ಮೈಕ್ರೋಲೀಟರ್ ಎಂದುಕೊಂಡದ್ದು ಒಂದೂವರೆ ಆಗಿರುತ್ತದೆ. ಆಮೇಲೆ ವೋರ್ಟೆಕ್ಸ್ ಮೇಲೆ ಪೂರ್ತಿ ಒಂದು ನಿಮಿಷ ಕುಲುಕಬೇಕು, ಅನಂತರ ಸ್ಪಿನ್ ಮಾಡಿ ದ್ರವವನ್ನು ತಳಕ್ಕೆ ಇಳಿಸಬೇಕು. ಸ್ಪಿನ್ ಆದ ಮೇಲೆ ಎಂಟು ಟ್ಯೂಬುಗಳ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವುದು ನಮ್ಮಲ್ಲಿ ಕಡ್ಡಾಯ. ತಳದಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಯೊಂದು ಕುಳಿತಿದ್ದರೂ ಯಂತ್ರದ ಸೂಜಿ ದ್ರವದ ಬದಲು ಗಾಳಿ ಹೀರಿಕೊಳ್ಳುತ್ತದೆ. ಪರದೆಯ ಮೇಲೆ ಆ ಓಣಿಯಲ್ಲಿ ಮಾದರಿಯ ಪಟ್ಟಿಯಷ್ಟೇ ಅಲ್ಲ, ಬಫರಿನ ಜೊತೆ ಇರಬೇಕಾದ ಹಸಿರು ಗುರುತಿನ ಗೆರೆಯೂ ಕಾಣೆಯಾಗಿರುತ್ತದೆ. ಗುರುತಿನ ಗೆರೆ ಇದ್ದು ಮಾದರಿ ಇಲ್ಲದಿದ್ದರೆ ಮಾದರಿಯಲ್ಲಿ ದೋಷ. ಎರಡೂ ಇಲ್ಲದಿದ್ದರೆ ಕೈಯಲ್ಲಿ ದೋಷ. ಹೊಸಬರಿಗೆ ನಾನು ಮೊದಲು ಕಲಿಸುವುದು ಈ ಒಂದು ಭೇದವನ್ನು.

ಹಳೆಯ ಬಯೋಅನಲೈಸರ್ ಜೊತೆ ಹೋಲಿಸಿದರೆ ದಿನನಿತ್ಯದ ಅನುಕೂಲ ಟೇಪ್‌ಸ್ಟೇಷನ್ನಿನದೇ. ಬಯೋಅನಲೈಸರಿನಲ್ಲಿ ಸಿರಿಂಜಿನಿಂದ ಒತ್ತಿ ಚಿಪ್ಪಿನೊಳಗೆ ಜೆಲ್ ತುಂಬಬೇಕು, ಒತ್ತಡ ಹೆಚ್ಚುಕಡಿಮೆಯಾದರೆ ಇಡೀ ಚಿಪ್ ಹೋಯಿತು. ಮೂರೇ ಮಾದರಿಗಳಿದ್ದರೂ ಒಂದು ಪೂರ್ತಿ ಚಿಪ್ ಖರ್ಚು. ಸ್ಕ್ರೀನ್‌ಟೇಪಿನಲ್ಲಾದರೆ ಆರು ಓಣಿ ಬಳಸಿ ಉಳಿದ ಹತ್ತನ್ನು ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿಟ್ಟು ಎರಡು ವಾರದೊಳಗೆ ಬಳಸಬಹುದು. ಮಾದರಿಗಳು ಒಮ್ಮೆ ನಾಲ್ಕು, ಒಮ್ಮೆ ನಲವತ್ತು ಎಂಬಂತೆ ಬರುವ ಆಸ್ಪತ್ರೆಯ ಸಂಗ್ರಹಾಗಾರಕ್ಕೆ ಇದು ಸಣ್ಣ ಸೌಲಭ್ಯವಲ್ಲ. ಆದರೆ ಸೂಕ್ಷ್ಮ ವಿವರದಲ್ಲಿ ಬಯೋಅನಲೈಸರಿನ ರೇಖೆ ಹೆಚ್ಚು ಸ್ಫುಟವೆಂದು ನನಗೆ ಈಗಲೂ ಅನ್ನಿಸುತ್ತದೆ. ಎರಡೂ ಯಂತ್ರಗಳಿರುವವರು ಒಂದೇ ಅಧ್ಯಯನದ ಮಾದರಿಗಳನ್ನು ಅರ್ಧ ಇದರಲ್ಲಿ, ಅರ್ಧ ಅದರಲ್ಲಿ ಪರೀಕ್ಷಿಸಬಾರದು. ಅಂಕಗಳು ಹತ್ತಿರ ಹತ್ತಿರ ಬಂದರೂ ಒಂದೇ ಅಲ್ಲ, ವರ್ಷಗಳ ನಂತರ ಆ ವ್ಯತ್ಯಾಸ ಯಂತ್ರದ್ದೋ ಮಾದರಿಯದೋ ಎಂದು ಯಾರಿಗೂ ಹೇಳಲಾಗುವುದಿಲ್ಲ.

ಈ ಯಂತ್ರದ ನಿಜವಾದ ಬಲ ಕಾಣುವುದು ಆರ್‌ಎನ್‌ಎಯಲ್ಲಿ. ಆರೋಗ್ಯಕರ ಮಾನವ ಅಂಗಾಂಶದಿಂದ ತೆಗೆದ ಆರ್‌ಎನ್‌ಎಯನ್ನು ಓಡಿಸಿದರೆ ಎರಡು ಶಿಖರಗಳು ಎದ್ದು ಕಾಣುತ್ತವೆ. ಒಂದು 18ಎಸ್, ಇನ್ನೊಂದು 28ಎಸ್ ಎಂಬ ರೈಬೋಸೋಮಿನ ಆರ್‌ಎನ್‌ಎಯದು. ಚೆನ್ನಾಗಿರುವ ಮಾದರಿಯಲ್ಲಿ ಎರಡನೆಯದು ಮೊದಲನೆಯದರ ಸುಮಾರು ಎರಡು ಪಟ್ಟು. ಮಾದರಿ ಕೆಡುತ್ತ ಬಂದಂತೆ ಮೊದಲು 28ಎಸ್ ಕುಸಿಯುತ್ತದೆ, ಶಿಖರಗಳ ನಡುವಿನ ಕಣಿವೆ ತುಂಬಿಕೊಳ್ಳುತ್ತದೆ, ಕೊನೆಗೆ ಎಡಬದಿಯಲ್ಲಿ ಚಿಕ್ಕ ತುಣುಕುಗಳ ದಿಬ್ಬವೊಂದೇ ಉಳಿಯುತ್ತದೆ. ಅಂಕವನ್ನು ನೋಡುವ ಮೊದಲು ಈ ರೇಖೆಯನ್ನು ನೋಡುವ ಅಭ್ಯಾಸ ಒಳ್ಳೆಯದು. ಏಕೆಂದರೆ ಒಂದೇ 6.5 ಅಂಕ ಬಂದ ಎರಡು ಮಾದರಿಗಳ ರೇಖೆಗಳು ಬೇರೆ ಬೇರೆ ಕಥೆ ಹೇಳುವುದುಂಟು.

ಮಿದುಳಿನ ಅಂಗಾಂಶದ ವಿಷಯದಲ್ಲಿ ಈ ಅಂಕದ ಬೆಲೆ ಬೇರೆಯದೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ನಡೆದುಬಂದಿರುವ ಮಿದುಳು ಸಂಗ್ರಹಾಲಯ, ನರರೋಗಶಾಸ್ತ್ರಜ್ಞ ಡಾ. ಎಸ್. ಕೆ. ಶಂಕರ್ ಅವರು ಕಟ್ಟಿದ್ದು, ಇಂತಹ ಸಂಗ್ರಹಗಳಿಗೆ ದೇಶದಲ್ಲಿಯೇ ಮಾದರಿ. ಸಾವಿನ ನಂತರ ಮಿದುಳನ್ನು ಪಡೆಯುವುದರಿಂದ, ಸಾವಿಗೂ ಶೈತ್ಯೀಕರಣಕ್ಕೂ ನಡುವೆ ಕಳೆದ ಗಂಟೆಗಳು ಇಂತಹ ಯಾವುದೇ ಸಂಗ್ರಹದಲ್ಲಿ ಮೊದಲ ಪ್ರಶ್ನೆಯಾಗುತ್ತವೆ. ಸಾಯುವ ಮುನ್ನ ರೋಗಿ ಎಷ್ಟು ಹೊತ್ತು ಉಸಿರಾಟದ ತೊಂದರೆಯಲ್ಲಿದ್ದರು ಎಂಬುದೂ ಅಷ್ಟೇ ಮುಖ್ಯ. ಅದು ಅಂಗಾಂಶದ ಪಿಎಚ್‌ ಇಳಿಕೆಯಲ್ಲಿ ಗೊತ್ತಾಗುತ್ತದೆ. ಹೀಗಾಗಿ ಮಿದುಳಿನ ಮಾದರಿಯ ಬಗ್ಗೆ ಮಾತನಾಡುವಾಗ ಆರ್‌ಐಎನ್, ಪಿಎಚ್, ಸಾವಿನ ನಂತರದ ಅವಧಿ, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಸಂಪ್ರದಾಯ ಬಹಳ ಹಿಂದೆಯೇ ಬೆಳೆದಿದೆ. ಅಂಕ ಒಂಟಿಯಾಗಿ ನಿಲ್ಲಬಾರದೆಂಬುದನ್ನು ಮಿದುಳಿನ ಸಂಶೋಧಕರು ಉಳಿದವರಿಗಿಂತ ಮೊದಲೇ ಅರ್ಥಮಾಡಿಕೊಂಡಿದ್ದಾರೆ.

ರಕ್ತದ ಮಾದರಿಗಳನ್ನು ಇಡುವವರಲ್ಲಿ ಈ ಎಚ್ಚರ ಅಷ್ಟಾಗಿ ಕಾಣುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಹೊರಗಿನ ಒಂದು ಸಂಗ್ರಹಾಗಾರದಿಂದ, ಅದರ ಹೆಸರು ಇಲ್ಲಿ ಬೇಡ, ಜಂಟಿ ಅಧ್ಯಯನಕ್ಕಾಗಿ ಡ್ರೈ ಐಸ್ ಪೆಟ್ಟಿಗೆಯಲ್ಲಿ ಮಾದರಿಗಳು ಬಂದವು. ಪ್ರತಿ ದಾನಿಯ ಹೆಸರಿನ ಸಂಕೇತದ ಎದುರು ಡಿಐಎನ್ ಎಂಟಕ್ಕಿಂತ ಹೆಚ್ಚು, 'ಗುಣಮಟ್ಟ ಉತ್ತಮ' ಎಂಬ ಅಚ್ಚುಕಟ್ಟಾದ ಪಟ್ಟಿ. ಡಿಎನ್‌ಎ ಮಾದರಿಗಳು ನಿಜಕ್ಕೂ ಚೆನ್ನಾಗಿದ್ದವು. ಆದರೆ ಅದೇ ದಾನಿಗಳ ಸೀರಮ್ ವೈಲ್‌ಗಳನ್ನು ಕರಗಿಸಿದಾಗ ತಿಳಿ ಹಳದಿಯಾಗಿರಬೇಕಾದ ದ್ರವ ಹಲವದರಲ್ಲಿ ಕಲ್ಲಂಗಡಿಯ ರಸದ ಬಣ್ಣಕ್ಕೆ ತಿರುಗಿತ್ತು. ಕೆಂಪು ರಕ್ತಕಣಗಳು ಒಡೆದು ಹಿಮೋಗ್ಲೋಬಿನ್ ಹೊರಬಂದಿತ್ತೆಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯುವ ಅಗತ್ಯವೇನು? ಆದರೂ ನಿಯಮದ ಪ್ರಕಾರ 414 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆಯನ್ನು ಅಳೆದು ದಾಖಲಿಸಿದೆವು. ಇಂತಹ ಸೀರಮ್‌ನಲ್ಲಿ ಪೊಟ್ಯಾಸಿಯಂ, ಎಲ್‌ಡಿಎಚ್ ಮತ್ತು ಎಎಸ್‌ಟಿ ಎಂಬ ಕಿಣ್ವಗಳು ಎಲ್ಲವೂ ಸುಳ್ಳು ಸುಳ್ಳೇ ಏರಿರುತ್ತವೆ, ರಕ್ತಕಣಗಳೊಳಗಿನ ಮೈಕ್ರೋ ಆರ್‌ಎನ್‌ಎಗಳೂ ಸೇರಿಕೊಂಡಿರುತ್ತವೆ. ಪಟ್ಟಿ ಸುಳ್ಳಾಗಿರಲಿಲ್ಲ. ಅದು ಡಿಎನ್‌ಎಯ ಬಗ್ಗೆ ಮಾತ್ರ ಸತ್ಯ ಹೇಳಿತ್ತು, ಓದುವವರು ಅದನ್ನು ಸೀರಮ್ಮಿಗೂ ಹಚ್ಚಿಕೊಳ್ಳುವಂತೆ ಬರೆಯಲಾಗಿತ್ತು.

ಡಿಎನ್‌ಎ ಬಹಳ ಗಟ್ಟಿ ಜೀವದ ಅಣು ಎಂಬುದೇ ಇದರ ಮೂಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನ ರಕ್ತವನ್ನು ಒಂದೆರಡು ದಿನ ಮೇಜಿನ ಮೇಲೆ ಮರೆತರೂ ಅದರಿಂದ ಒಳ್ಳೆಯ ಡಿಐಎನ್ ಬರುವ ಡಿಎನ್‌ಎ ತೆಗೆಯಬಹುದು. ಆದರೆ ಬೇರ್ಪಡಿಸದೆ ಬಿಟ್ಟ ಅದೇ ರಕ್ತದಲ್ಲಿ, ಕೋಣೆಯ ಉಷ್ಣಾಂಶದಲ್ಲಿ, ಕಣಗಳು ಗಂಟೆಗೆ ಶೇ. 5ರಿಂದ 7ರಷ್ಟು ಗ್ಲೂಕೋಸನ್ನು ತಿಂದುಹಾಕುತ್ತಿರುತ್ತವೆ, ಲ್ಯಾಕ್ಟೇಟ್ ಏರುತ್ತಿರುತ್ತದೆ. ಅಂದರೆ ಡಿಐಎನ್ ಅಧಿಕವಾಗಿದ್ದ ಮಾತ್ರಕ್ಕೆ ಆ ದಾನಿಯ ಪ್ಲಾಸ್ಮಾವನ್ನು ಮೆಟಬಾಲೈಟ್ (ಗ್ಲೂಕೋಸ್, ಲ್ಯಾಕ್ಟೇಟ್‌ನಂತಹ ಸಣ್ಣ ಅಣುಗಳ) ಅಧ್ಯಯನಕ್ಕೆ ಬಳಸಬಹುದೆಂದು ಹೇಳಲು ಬರುವುದಿಲ್ಲ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ 2006ರಿಂದ 2010ರವರೆಗೆ 40ರಿಂದ 69 ವರ್ಷದ ಸುಮಾರು ಐದು ಲಕ್ಷ ಜನರಿಂದ ಮಾದರಿ ಪಡೆದಾಗ, ಒಂದೇ ರಕ್ತಕ್ಕೆ ಹಲವು ಬಗೆಯ ಟ್ಯೂಬುಗಳನ್ನು ಬಳಸಿ, ಆರ್‌ಎನ್‌ಎಗೆಂದೇ ಸ್ಥಿರಕಾರಿ ದ್ರಾವಣವಿರುವ ಪ್ರತ್ಯೇಕ ಟ್ಯೂಬನ್ನು ಇಟ್ಟದ್ದು ಸುಮ್ಮನೆ ಅಲ್ಲ. ಒಂದು ಘಟಕಕ್ಕೆ ಸರಿಹೋಗುವ ಉಪಚಾರ ಇನ್ನೊಂದಕ್ಕೆ ವಿಷವಾಗಬಹುದು.

ಇದಕ್ಕಿಂತ ಸೂಕ್ಷ್ಮವಾದ, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಸಂಗತಿ ಆರ್‌ಐಎನ್‌ನಲ್ಲಿಯೇ ಅಡಗಿದೆ. ಟ್ಯೂಬಿನಲ್ಲಿರುವ ಬಿಳಿ ರಕ್ತಕಣಗಳು ರಕ್ತ ತೆಗೆದ ಕ್ಷಣದಲ್ಲಿ ಸಾಯುವುದಿಲ್ಲ. ಅವು ಜೀವಂತವಾಗಿಯೇ ಇದ್ದು, ಗಾಜು, ಪ್ಲಾಸ್ಟಿಕ್, ತಂಪು, ಕುಲುಕಾಟ ಎಲ್ಲಕ್ಕೂ ಪ್ರತಿಕ್ರಿಯಿಸುತ್ತ ಕೆಲವು ಜೀನ್‌ಗಳನ್ನು ಚುರುಕುಗೊಳಿಸುತ್ತವೆ, ಕೆಲವನ್ನು ತಗ್ಗಿಸುತ್ತವೆ. ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳಲ್ಲಿ ಈ ಏರುಪೇರು ಕೆಲವೇ ಗಂಟೆಗಳಲ್ಲಿ ಕಾಣತೊಡಗುತ್ತದೆ. ಹೀಗೆ ಹೊಸದಾಗಿ ತಯಾರಾದ ಆರ್‌ಎನ್‌ಎ ಮುರಿದದ್ದಲ್ಲ, ಇಡಿಯಾದದ್ದೇ. ರೈಬೋಸೋಮಿನ ಶಿಖರಗಳೂ ಮೊದಲಿನಂತೆಯೇ ನಿಂತಿರುತ್ತವೆ. ಆದ್ದರಿಂದ ಆರು ಗಂಟೆ ತಡವಾಗಿ ಸಂಸ್ಕರಿಸಿದ ಮಾದರಿಗೂ ಆರ್‌ಐಎನ್ 9 ಬರಬಹುದು. ಆ ಒಂಬತ್ತರ ಒಳಗೆ ಇರುವುದು ರೋಗಿಯ ದೇಹದ ಸ್ಥಿತಿಯೋ, ಟ್ಯೂಬಿನೊಳಗಿನ ಸ್ಥಿತಿಯೋ ಎಂದು ಯಂತ್ರ ಹೇಳಲಾರದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಮಾದರಿಯೂ ಹೀಗೆಯೇ. ರಕ್ತ ಪೂರೈಕೆ ನಿಂತ ಗಳಿಗೆಯಿಂದ ಫಾರ್ಮಲಿನ್‌ಗೋ ದ್ರವ ಸಾರಜನಕಕ್ಕೋ ಬೀಳುವವರೆಗಿನ ಸಮಯವನ್ನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೇ ಬರೆದಿಡಬೇಕು. ಆ ಸಮಯವನ್ನು ಆಮೇಲೆ ಯಾವ ರೇಖಾಚಿತ್ರದಿಂದಲೂ ಕರಾರುವಾಕ್ಕಾಗಿ ಹಿಂದಕ್ಕೆ ಓದಲಾಗುವುದಿಲ್ಲ.

ಯಂತ್ರದ ಇನ್ನುಳಿದ ಮಿತಿಗಳನ್ನು ಬೇಗ ಹೇಳಿ ಮುಗಿಸಬಹುದು. ಇದು ಸಾಂದ್ರತೆಯನ್ನೂ ಕೊಡುತ್ತದೆ, ಆದರೆ ನಾನು ಅದನ್ನು ಅಂದಾಜೆಂದೇ ಪರಿಗಣಿಸುತ್ತೇನೆ; ಸೀಕ್ವೆನ್ಸಿಂಗ್‌ಗೆ, ಅಂದರೆ ಅಣುವಿನ ಅಕ್ಷರಗಳನ್ನು ಓದಿಸಲು, ಕಳುಹಿಸುವ ಮುನ್ನ ಕ್ಯೂಬಿಟ್ ಎಂಬ ಯಂತ್ರದಲ್ಲಿ ಅಣುವಿಗೆ ಅಂಟುವ ಬಣ್ಣದ ಹೊಳಪಿನಿಂದ ಅಳೆದದ್ದೇ ಅಧಿಕೃತ. ಬೆಳಕಿನ ಹೀರಿಕೆಯಿಂದ ಅಳೆಯುವ ನ್ಯಾನೋಡ್ರಾಪ್ ಯಂತ್ರದ ಸಾಂದ್ರತೆಯನ್ನು ನೆಚ್ಚಬಾರದು, ಏಕೆಂದರೆ 260 ನ್ಯಾನೋಮೀಟರ್‌ನಲ್ಲಿ ಡಿಎನ್‌ಎ, ಆರ್‌ಎನ್‌ಎ, ಬಿಡಿ ನ್ಯೂಕ್ಲಿಯೋಟೈಡ್ ಎಲ್ಲವೂ ಬೆಳಕನ್ನು ಹೀರುತ್ತವೆ. ಆದರೆ ಶುದ್ಧತೆಗೆ ಅದೇ ಬೇಕು: ಡಿಎನ್‌ಎಗೆ 260 ಮತ್ತು 280ರ ಅನುಪಾತ 1.8ರ ಆಸುಪಾಸು, ಆರ್‌ಎನ್‌ಎಗೆ 2.0ರ ಆಸುಪಾಸು. ಮಾದರಿಯಿಂದ ಡಿಎನ್‌ಎ, ಆರ್‌ಎನ್‌ಎ ತೆಗೆಯಲು ಬಳಸುವ ಫೀನಾಲ್, ಗ್ವಾನಿಡೀನ್ ಉಳಿಕೆ ಟೇಪ್‌ಸ್ಟೇಷನ್ನಿಗೆ ಕಾಣುವುದಿಲ್ಲ. ಹೆಪಾರಿನ್ ಟ್ಯೂಬಿನಿಂದ ತೆಗೆದ ಡಿಎನ್‌ಎ ಸುಂದರವಾದ ಡಿಐಎನ್ ತೋರಿಸಿ ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್‌ನಲ್ಲಿ ಮಲಗಿಬಿಡುವುದುಂಟು, ಪ್ರತಿ ಮಾಡುವ ಕಿಣ್ವವನ್ನು ಹೆಪಾರಿನ್ ತಡೆಯುವುದರಿಂದ. ಲಾಲಾರಸದ ಮಾದರಿಯಲ್ಲಿರುವ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಯಂತ್ರ ಮನುಷ್ಯನದೆಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಜೀನೋಮಿಕ್ ಟೇಪಿನ ಗಾತ್ರದ ಅಳತೆ 60,000 ಬೇಸ್ ಜೋಡಿಗಳ ಹತ್ತಿರ ಮುಗಿಯುತ್ತದೆ; ಉದ್ದನೆಯ ಓದಿನ ಸೀಕ್ವೆನ್ಸಿಂಗ್ ಮಾಡುವವರಿಗೆ ಅದಕ್ಕೂ ಆಚೆಯದು ಬೇಕಾಗಿರುವುದರಿಂದ ಫೆಮ್ಟೋ ಪಲ್ಸ್‌ನಂತಹ ಬೇರೆ ಯಂತ್ರವೇ ಗತಿ.

ಫಾರ್ಮಲಿನ್‌ನಲ್ಲಿ ಇಟ್ಟು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿದ ಅಂಗಾಂಶದ ಆರ್‌ಎನ್‌ಎಗೆ ಆರ್‌ಐಎನ್ ನೋಡುವುದೇ ವ್ಯರ್ಥ, ಬಹುತೇಕ ಎಲ್ಲದಕ್ಕೂ ಎರಡರ ಸುತ್ತಲೇ ಬರುತ್ತದೆ. ಅಲ್ಲಿ 200 ನ್ಯೂಕ್ಲಿಯೋಟೈಡ್‌ಗಿಂತ ಉದ್ದದ ತುಣುಕುಗಳು ಶೇಕಡಾ ಎಷ್ಟಿವೆ ಎಂದು ನೋಡುವ ಡಿವಿ200 ಎಂಬ ಅಳತೆ ಹೆಚ್ಚು ಉಪಯುಕ್ತ, ಅದನ್ನು ಇದೇ ಯಂತ್ರದ ಸಾಫ್ಟ್‌ವೇರ್ ಲೆಕ್ಕ ಹಾಕಿ ಕೊಡುತ್ತದೆ.

ಮಾದರಿ ಯಾರದು ಎಂಬ ಪ್ರಶ್ನೆಗೂ ಇದರಲ್ಲಿ ಉತ್ತರವಿಲ್ಲ. ಸಂಗ್ರಹಾಗಾರಗಳಲ್ಲಿ ಮಾದರಿ ಕೆಡುವುದಕ್ಕಿಂತ ಅದಲುಬದಲಾಗುವುದು ಅಪಾಯಕಾರಿ. ಕೆಟ್ಟದ್ದು ಅಂಕದಲ್ಲಿ ಸಿಕ್ಕಿಬೀಳುತ್ತದೆ, ಬದಲಾದದ್ದು ಒಳ್ಳೆಯ ಅಂಕ ಹೊತ್ತುಕೊಂಡು ಮುಂದೆ ಹೋಗುತ್ತದೆ. ಅಗ್ಗದ ಪರೀಕ್ಷೆಯೆಂದರೆ ಅಮೆಲೋಜೆನಿನ್ ಜೀನಿನ ಪಿಸಿಆರ್ ಮಾಡಿ, ಡಿಎನ್‌ಎ ಹೇಳುವ ಲಿಂಗ ದಾಖಲೆಯಲ್ಲಿರುವ ಲಿಂಗಕ್ಕೆ ಹೊಂದುತ್ತದೆಯೇ ಎಂದು ನೋಡುವುದು. ಹೆಚ್ಚು ಬಳಕೆಯಲ್ಲಿರುವ ಪ್ರೈಮರ್‌ಗಳಲ್ಲಿ ಎಕ್ಸ್ ವರ್ಣತಂತುವಿಗೆ 106, ವೈ ವರ್ಣತಂತುವಿಗೆ 112 ಬೇಸ್ ಜೋಡಿಗಳ ತುಣುಕು ಬರುತ್ತದೆ. ಆರರ ಆ ಅಂತರವನ್ನು ಬಿಡಿಸಿ ತೋರಿಸುವ ಸೂಕ್ಷ್ಮತೆ ಸ್ಕ್ರೀನ್‌ಟೇಪಿಗಿಲ್ಲ. ಅದಕ್ಕೆ ಕ್ಯಾಪಿಲರಿ ಸೀಕ್ವೆನ್ಸರ್ ಬೇಕು, ಇಲ್ಲವೇ ಅಂತರ ಹೆಚ್ಚಿರುವ ಬೇರೆ ಪ್ರೈಮರ್ ಬೇಕು. ಕೋಶಗಳ ಸಾಲುಗಳನ್ನು ಇಟ್ಟುಕೊಂಡಿರುವವರಿಗಂತೂ ಕೋಶ ಯಾರದೆಂದು ಗುರುತಿಸುವ ಎಸ್‌ಟಿಆರ್ ಪ್ರೊಫೈಲ್, ಬ್ಯಾಕ್ಟೀರಿಯಾ ಸೋಂಕನ್ನು ಹಿಡಿಯುವ ಮೈಕೋಪ್ಲಾಸ್ಮಾ ಪರೀಕ್ಷೆ ಇವೆರಡೂ ಇಲ್ಲದೆ ಯಾವ ಅಂಕವೂ ಲೆಕ್ಕಕ್ಕಿಲ್ಲ.

ಹಾಗಾದರೆ ಈ ಯಂತ್ರ ಸಂಗ್ರಹಾಗಾರಕ್ಕೆ ಎಲ್ಲಿ ನಿಜವಾಗಿ ಒದಗಿಬರುತ್ತದೆ? ನನ್ನ ಅನುಭವದಲ್ಲಿ ಎರಡು ಸಂದರ್ಭಗಳಲ್ಲಿ. ಮೊದಲನೆಯದು ಮಾದರಿಯನ್ನು ಒಳಗೆ ಇಡುವ ದಿನ ಮತ್ತು ಹೊರಗೆ ಕೊಡುವ ದಿನ, ಎರಡರ ಅಂಕವನ್ನೂ ಹೋಲಿಸಲು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪರೀಕ್ಷೆಗೆ ಬೇಕಾದದ್ದು 1 ಮೈಕ್ರೋಲೀಟರ್ ಮಾತ್ರವೆಂದು ಕಂಪನಿಯವರು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಆ ಒಂದು ಮೈಕ್ರೋಲೀಟರಿಗಾಗಿ ಇಡೀ ವೈಲನ್ನು ಕರಗಿಸಿದರೆ ಮಾದರಿಗೆ ಒಂದು ಸುತ್ತಿನ ಹೆಪ್ಪು-ಕರಗು ಲೆಕ್ಕಕ್ಕೆ ಬಿತ್ತೆಂದೇ ಅರ್ಥ. ಮೊದಲ ದಿನವೇ ಹತ್ತು ಮೈಕ್ರೋಲೀಟರಿನ ಒಂದೆರಡು ಪುಟ್ಟ ವೈಲ್‌ಗಳನ್ನು ಪರೀಕ್ಷೆಗೆಂದೇ ಬೇರೆ ಮಾಡಿ, ಅದೇ ಪೆಟ್ಟಿಗೆಯಲ್ಲಿ, ಅದೇ ಸಾಲಿನಲ್ಲಿ ಇಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯು ಮಾದರಿಯ ಒಡೆತನವನ್ನು ದಾನಿಗೇ ಬಿಟ್ಟು, ಸಂಸ್ಥೆಯನ್ನು ಪಾಲಕನ ಸ್ಥಾನದಲ್ಲಿ ನಿಲ್ಲಿಸುತ್ತದೆ. ಪರೀಕ್ಷೆಯ ಹೆಸರಿನಲ್ಲಿ ಮಾದರಿಯನ್ನು ಸವೆಸುವ ಹಕ್ಕು ಪಾಲಕನಿಗೆ ಎಷ್ಟಿದೆ ಎಂದು ಒಮ್ಮೆ ಯೋಚಿಸಬೇಕಾದದ್ದೇ.

ಎರಡನೆಯದು ಅವಘಡದ ನಂತರ. 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೆಕ್‌ಲೀನ್ ಆಸ್ಪತ್ರೆಯ ಮಿದುಳು ಸಂಗ್ರಹಾಲಯದಲ್ಲಿ ಒಂದು ಫ್ರೀಜರ್ ಕೆಟ್ಟಿತು. ಅಲಾರಂ ಹೊಡೆಯಲಿಲ್ಲ, ಹೊರಗಿನ ಫಲಕ ಮೈನಸ್ 80ರ ಆಸುಪಾಸನ್ನೇ ತೋರಿಸುತ್ತಿತ್ತು, ಒಳಗೆ ಮಾತ್ರ ಮನೆಯ ಫ್ರಿಜ್ಜಿನಷ್ಟು ಉಷ್ಣಾಂಶ. ಸುಮಾರು 150 ಮಿದುಳುಗಳ ಮಾದರಿಗಳು ಕರಗಿದವು, ಅವುಗಳಲ್ಲಿ ಮೂರನೆಯ ಒಂದು ಭಾಗ ಆಟಿಸಂ ಸಂಶೋಧನೆಗೆ ಮೀಸಲಾದವು. 2023ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ, ಕ್ರಿಸ್‌ಮಸ್ ರಜೆಯ ವೇಳೆ, 16 ಟ್ಯಾಂಕುಗಳಿಗೆ ದ್ರವ ಸಾರಜನಕದ ಪೂರೈಕೆ ನಿಂತು ದಶಕಗಳ ಸಂಗ್ರಹ ಹಾಳಾಯಿತು. ಇಂತಹ ಸಂದರ್ಭದಲ್ಲಿ ಎಲ್ಲವನ್ನೂ ಎಸೆಯುವುದೋ, ಕೆಲವನ್ನಾದರೂ ಕೆಲವು ಉದ್ದೇಶಗಳಿಗೆ ಉಳಿಸಿಕೊಳ್ಳುವುದೋ ಎಂದು ತೀರ್ಮಾನಿಸಬೇಕಾಗುತ್ತದೆ. ಆಗ ಬಾಗಿಲ ಬಳಿಯ ಪೆಟ್ಟಿಗೆ, ಹಿಂಬದಿಯ ಪೆಟ್ಟಿಗೆ, ಮೇಲಿನ ಅರೆ, ಕೆಳಗಿನ ಅರೆ ಹೀಗೆ ಬೇರೆ ಬೇರೆ ಜಾಗದ ಮಾದರಿಗಳನ್ನು ಒಂದೇ ದಿನದಲ್ಲಿ ಓಡಿಸಿ ನೋಡಲು ಇಷ್ಟು ವೇಗದ ಯಂತ್ರ ಬಹಳ ಉಪಯುಕ್ತ. ಮೆಕ್‌ಲೀನ್ ಪ್ರಸಂಗದಲ್ಲಿಯೂ ಅಂಗಾಂಶದ ಡಿಎನ್‌ಎ ಉಳಿದಿರುವಂತೆ ಕಾಣುತ್ತದೆಂದು ಆಗ ವರದಿಯಾಗಿತ್ತು. ಪ್ರೋಟೀನ್ ಮತ್ತು ಆರ್‌ಎನ್‌ಎಗೆ ಅದೇ ಮಾತು ಹೇಳುವ ಧೈರ್ಯ ಯಾರಿಗೂ ಇರಲಾರದು.

ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವ ನ್ಯಾಯ ಇಲ್ಲಿ ನಡೆಯುವುದಿಲ್ಲವೆಂಬುದನ್ನು ಮಾತ್ರ ಮರೆಯಬಾರದು. ಪಾತ್ರೆಯ ಅಗುಳುಗಳೆಲ್ಲ ಒಂದೇ ಬೆಂಕಿಯ ಮೇಲೆ ಬೆಂದಿರುತ್ತವೆ. ಪೆಟ್ಟಿಗೆಯ ವೈಲ್‌ಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಹಿನ್ನೆಲೆ. ಒಂದನ್ನು ರಕ್ತ ತೆಗೆದು ಅರ್ಧ ಗಂಟೆಯಲ್ಲಿ ಸೆಂಟ್ರಿಫ್ಯೂಜ್ ಮಾಡಿರಬಹುದು, ಪಕ್ಕದ್ದನ್ನು ಶನಿವಾರ ಮಧ್ಯಾಹ್ನ ತೆಗೆದು ಸೋಮವಾರ ಬೆಳಿಗ್ಗೆ ಮುಟ್ಟಿರಬಹುದು. ಹೀಗಾಗಿ ಪರೀಕ್ಷೆಗೆ ಮಾದರಿಗಳನ್ನು ಆರಿಸುವಾಗ ಕಣ್ಣುಮುಚ್ಚಿ ನೂರಕ್ಕೊಂದು ಎಂದು ಎತ್ತುವುದಕ್ಕಿಂತ, ಸಂಗ್ರಹ ಕೇಂದ್ರ, ವಾರದ ದಿನ, ಸಂಸ್ಕರಣೆಗೆ ಹಿಡಿದ ಸಮಯ, ಫ್ರೀಜರಿನ ಅರೆ, ಇವುಗಳ ಪ್ರಕಾರ ಗುಂಪು ಮಾಡಿ ಪ್ರತಿ ಗುಂಪಿನಿಂದ ಎತ್ತುವುದು ಸರಿಯಾದ ಕ್ರಮ. ಮೈನಸ್ 20ರಲ್ಲಿ ಇಟ್ಟಿದ್ದ ಪ್ಲಾಸ್ಮಾ ಇದ್ದರೆ ಅದೇ ಒಂದು ಗುಂಪಾಗಬೇಕು. ಲವಣಾಂಶದಿಂದಾಗಿ ಪ್ಲಾಸ್ಮಾ ಮೈನಸ್ 30ರ ಸುಮಾರಿಗೆ ಇಳಿಯುವವರೆಗೆ ಪೂರ್ತಿ ಹೆಪ್ಪುಗಟ್ಟಿರುವುದಿಲ್ಲ, ಕಲ್ಲಿನಂತೆ ಕಂಡರೂ ಒಳಗೆ ರಾಸಾಯನಿಕ ಬದಲಾವಣೆ ನಡೆಯುತ್ತಲೇ ಇರುತ್ತದೆ.

ಈ ಹಿನ್ನೆಲೆಯನ್ನು ಬರೆದಿಡಲು ಸ್ಪ್ರೆಕ್ ಎಂಬ ಏಳು ಅಂಶಗಳ ಸಂಕೇತ ಪದ್ಧತಿ 2010ರಿಂದಲೂ ಇದೆ, ಅದರ ಮೂರನೆಯ ಆವೃತ್ತಿ 2018ರದು. ಮಾದರಿಯ ಬಗೆ, ಟ್ಯೂಬಿನ ಬಗೆ, ಸೆಂಟ್ರಿಫ್ಯೂಜ್‌ಗೆ ಮುಂಚಿನ ವಿಳಂಬ, ಮೊದಲ ಸೆಂಟ್ರಿಫ್ಯೂಜ್, ಎರಡನೆಯದು, ಅದರ ನಂತರದ ವಿಳಂಬ, ಶೇಖರಣೆಯ ರೀತಿ ಇಷ್ಟನ್ನೂ ಅಕ್ಷರಗಳ ಒಂದು ಸಾಲಿನಲ್ಲಿ ಹಿಡಿಯಬಹುದು. ಟೇಪ್‌ಸ್ಟೇಷನ್ನಿನ ವರದಿಯ ಪಕ್ಕದಲ್ಲಿ ಈ ಸಾಲು ಇಲ್ಲದಿದ್ದರೆ ನಾನು ಆ ವರದಿಯನ್ನು ಅಪೂರ್ಣವೆಂದೇ ಭಾವಿಸುತ್ತೇನೆ. ಬಯೋಬ್ಯಾಂಕ್‌ಗಳಿಗಾಗಿ ಇರುವ ಐಎಸ್ಒ 20387:2018 ಮಾನದಂಡವೂ ಕೇಳುವುದು ಮಾದರಿ ಉದ್ದೇಶಕ್ಕೆ ತಕ್ಕದ್ದೇ ಎಂದು. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್ಎಬಿಎಲ್ ಮಂಡಳಿಯ ಮಾನ್ಯತೆಗೆ ಸಿದ್ಧವಾಗುತ್ತಿರುವ ಸಂಗ್ರಹಾಗಾರಗಳು ಅಂಕದ ಮಿತಿಯನ್ನು ತಮ್ಮ ಕಾರ್ಯವಿಧಾನದಲ್ಲಿಯೇ ಬರೆದುಕೊಳ್ಳುವುದು ಲೇಸು. ಜೊತೆಗೆ ಪ್ರತಿ ಟೇಪಿನ ಒಂದು ಓಣಿಯಲ್ಲಿ ಸ್ವಂತದ ನಿಯಂತ್ರಣ ಡಿಎನ್‌ಎಯನ್ನು ಓಡಿಸಿ, ಆಸ್ಪತ್ರೆಯ ಬಯೋಕೆಮಿಸ್ಟ್ರಿ ವಿಭಾಗದವರಿಗೆ ಚಿರಪರಿಚಿತವಾದ, ನಿಯಂತ್ರಣದ ಫಲಿತಾಂಶ ದಿನದಿನಕ್ಕೆ ಹೇಗೆ ಏರಿಳಿಯುತ್ತದೆಂದು ತೋರಿಸುವ ಲೆವಿ-ಜೆನ್ನಿಂಗ್ಸ್ ನಕ್ಷೆಯಲ್ಲಿ ಅಂಕವನ್ನು ಗುರುತಿಸುತ್ತ ಹೋಗಬೇಕು. ನಕ್ಷೆ ಇಳಿಮುಖವಾದರೆ ಮಾದರಿಗಳನ್ನು ಬೈಯುವ ಮೊದಲು ಟೇಪಿನ ಬ್ಯಾಚ್ ಸಂಖ್ಯೆ ನೋಡಿ.

ಖರ್ಚಿನ ವಿಚಾರದಲ್ಲಿ ಮೂಗಿಗಿಂತ ಮೂಗುತಿ ಭಾರ. ಯಂತ್ರವನ್ನು ಅನುದಾನದಲ್ಲಿ ಒಮ್ಮೆ ಕೊಂಡುಬಿಡಬಹುದು. ಟೇಪು, ಬಫರ್, ಟಿಪ್, ಟ್ಯೂಬ್ ಪಟ್ಟಿ ಎಲ್ಲವೂ ಅದೇ ಕಂಪನಿಯವು, ಎಲ್ಲಕ್ಕೂ ಅವಧಿ ಮುಗಿಯುವ ದಿನಾಂಕವಿದೆ, ಡಿಎನ್‌ಎಗೆ ಒಂದು ಟೇಪು, ಆರ್‌ಎನ್‌ಎಗೆ ಇನ್ನೊಂದು, ಕಡಿಮೆ ಸಾಂದ್ರತೆಗೆ ಮತ್ತೊಂದು. ಸರ್ಕಾರಿ ಕಾಲೇಜುಗಳಲ್ಲಿ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್, ಟೆಂಡರ್, ಹಣಕಾಸು ವರ್ಷದ ಕೊನೆ ಎಂಬ ಸುತ್ತಿನಲ್ಲಿ ಒಟ್ಟಿಗೆ ತರಿಸಿದ ಟೇಪುಗಳು ಬಳಸುವ ಮೊದಲೇ ಅವಧಿ ಮೀರುವ ಸಂಭವ ಹೆಚ್ಚು. ಕೊಳ್ಳುವಾಗಲೇ ವಾರ್ಷಿಕ ನಿರ್ವಹಣಾ ಒಪ್ಪಂದದ ಜೊತೆಗೆ, ಟೇಪುಗಳನ್ನು ಮೂರು ತಿಂಗಳಿಗೊಮ್ಮೆ ಕಂತಿನಲ್ಲಿ ಒದಗಿಸಬೇಕು, ತಲುಪಿದ ದಿನ ಇಂತಿಷ್ಟು ತಿಂಗಳ ಅವಧಿ ಬಾಕಿ ಇರಬೇಕು ಎಂಬ ಷರತ್ತನ್ನು ಟೆಂಡರಿನಲ್ಲಿ ಸೇರಿಸಿ.

ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದಲ್ಲಿ ಜೀನೋಮ್ ಇಂಡಿಯಾ ಯೋಜನೆಯ 20,000 ರಕ್ತದ ಮಾದರಿಗಳಿವೆ. ಅಂತಹ ಪ್ರಮಾಣದ ಸಂಗ್ರಹಕ್ಕೆ 96 ಬಾವಿಗಳ ಪ್ಲೇಟ್ ಓಡಿಸುವ ಯಂತ್ರ ಅನಿವಾರ್ಯವೇ ಸರಿ. ದಿನಕ್ಕೆ ಹತ್ತು ಹದಿನೈದು ಮಾದರಿ ಬರುವ ಕಡೆ 4200ರ ಬದಲು, ಒಮ್ಮೆಗೆ 16 ಮಾದರಿ ಓಡಿಸುವ ಚಿಕ್ಕ ಯಂತ್ರ 4150 ಸಾಕು, ಟೇಪು ಎರಡಕ್ಕೂ ಒಂದೇ. ರಕ್ತದಿಂದ ಡಿಎನ್‌ಎ ಮಾತ್ರ ತೆಗೆದಿಡುವ ಜಿಲ್ಲಾ ಮಟ್ಟದ ಕಾಲೇಜಿಗೆ ಅದೂ ಬೇಡ. ಶೇ. 0.8ರ ಅಗರೋಸ್ ಜೆಲ್‌ನಲ್ಲಿ ಮೇಲೆ ಗಟ್ಟಿಯಾದ ಒಂದು ಪಟ್ಟಿ ನಿಂತಿದೆಯೋ, ಕೆಳಗಿನವರೆಗೆ ಮಂಜಿನಂತೆ ಹರಡಿದೆಯೋ ಎಂಬುದು ಬರಿಗಣ್ಣಿಗೇ ಕಾಣುತ್ತದೆ. ಉಳಿದ ಹಣದಲ್ಲಿ ಇನ್ನೊಂದು ತಣ್ಣನೆಯ ಸೆಂಟ್ರಿಫ್ಯೂಜ್ ಕೊಂಡು ವಾರ್ಡಿನ ಹತ್ತಿರ ಇಟ್ಟು, ಸಂಜೆಯ ಪಾಳಿಗೂ ಒಬ್ಬ ಟೆಕ್ನಿಷಿಯನ್ನನ್ನು ನೇಮಿಸಿದರೆ ಮಾದರಿಗಳಿಗೆ ಯಂತ್ರದಿಂದಾಗುವುದಕ್ಕಿಂತ ಹೆಚ್ಚು ಉಪಕಾರವಾಗುತ್ತದೆ.